ಮ್ಯಾಂಗೋ ಸ್ಟ್ರೀಟಿನ ನಕ್ಷೆ: ಮನೆಗಳು ಮುಗಿದವು, ಈಗ ಕಿಟಕಿಗಳು

ಸಾಂಡ್ರಾ ಸಿಸ್ನೆರೋಸ್ ಅವರ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಕಾದಂಬರಿಯ ಬೀದಿಯನ್ನು ಡ್ರಾಯಿಂಗ್ ಶೀಟಿನ ಮೇಲೆ ಬಿಡಿಸುವ ಕೆಲಸ ಅರ್ಧ ದಾಟಿದೆ. ಪೆನ್ಸಿಲ್ ಕೆಲಸ ಬಹುತೇಕ ಮುಗಿಯಿತು.

ಓದದವರಿಗೆ ಎರಡು ಮಾತು. 1984ರಲ್ಲಿ ಬಂದ ಪುಸ್ತಕ ಇದು. ಶಿಕಾಗೋದ ಲ್ಯಾಟಿನೋ ಬಡಾವಣೆಯಲ್ಲಿ ಎಸ್ಪೆರಾನ್ಸಾ ಎಂಬ ಹುಡುಗಿ ಬಾಲ್ಯ ದಾಟುವ ಕಥೆ. ಒಟ್ಟು 44 ಪುಟ್ಟ ಅಧ್ಯಾಯಗಳು. ಯಾರ ಮನೆ ಎಲ್ಲಿದೆ ಅನ್ನುವುದು ಅವುಗಳಲ್ಲಿ ಚೂರುಚೂರಾಗಿ ಹರಡಿದೆ, ಹೆಕ್ಕಿ ತೆಗೆಯಬೇಕು. ಪುಸ್ತಕ ಖಚಿತವಾಗಿ ಹೇಳಿದ ಜಾಗಕ್ಕೆ ಗಟ್ಟಿ ಗೆರೆ, ನನ್ನ ಊಹೆಗೆ ಚುಕ್ಕಿ ಗೆರೆ.

ಎಸ್ಪೆರಾನ್ಸಾಳ ಮನೆ ಬಿಡಿಸುವುದು ಸುಲಭವಾಯಿತು. ಚಿಕ್ಕ ಕೆಂಪು ಮನೆ, ಇಕ್ಕಟ್ಟು ಮೆಟ್ಟಿಲು, ಉದುರುವ ಇಟ್ಟಿಗೆ, ಉಬ್ಬಿಕೊಂಡು ಜೋರಾಗಿ ತಳ್ಳಿದರಷ್ಟೇ ತೆರೆಯುವ ಬಾಗಿಲು. ಮುಂದೆ ಅಂಗಳವಿಲ್ಲ, ನಗರಾಡಳಿತ ನೆಟ್ಟ ನಾಲ್ಕು ಎಲ್ಮ್ ಮರಗಳಿವೆ. ಪಕ್ಕದಲ್ಲಿ ಎಡ್ನಾಳ ದೊಡ್ಡ ಕಟ್ಟಡ. ಅದರ ನೆಲಮಾಳಿಗೆಯಲ್ಲಿ ಜೂಕ್‌ಬಾಕ್ಸ್ ರಿಪೇರಿ ಮಾಡುವ ಅರ್ಲ್.

ಎದುರುಗಡೆ ಮಾಮಾಸಿಟಾಳ ಮನೆ. ಮೂರನೇ ಮಹಡಿ ಅಂತಿದೆ. ಅಮೆರಿಕದವರ ಮೂರನೆಯದು ನಮ್ಮ ಎರಡನೆಯದು ಅಲ್ವಾ, ಆ ಲೆಕ್ಕದಲ್ಲೇ ಎತ್ತರ ಇಟ್ಟೆ. ಅವಳು ಕೆಳಗಿಳಿಯುವುದೇ ಇಲ್ಲ. ಕಿಟಕಿ ಪಕ್ಕ ಕೂತು ಸ್ಪ್ಯಾನಿಷ್ ರೇಡಿಯೋ ಕೇಳುತ್ತಾಳೆ, ತನ್ನೂರಿನ ಹಾಡು ಹಾಡುತ್ತಾಳೆ. ಊರಿನ ಮನೆ ಗುಲಾಬಿ ಬಣ್ಣದ್ದು ಅಂತ ಗಂಡ ಇಲ್ಲೂ ಗೋಡೆಗೆ ಗುಲಾಬಿ ಬಳಿಯುತ್ತಾನೆ. ಹಾಗಾಗಿ ಆ ಕಿಟಕಿಯ ಒಳಗಡೆ ಗುಲಾಬಿ ಪೆನ್ಸಿಲ್ ಓಡಿಸಿದ್ದೇನೆ.

ಇಲ್ಲಿಂದ ನಕ್ಷೆಯ ದಿಕ್ಕೇ ಬದಲಾಯಿತು. ಈ ಬೀದಿಯಲ್ಲಿ ಗೋಡೆ, ಬಾಗಿಲಿಗಿಂತ ಕಿಟಕಿಯೇ ಮುಖ್ಯ. ಪ್ರತಿ ಕಿಟಕಿಯಲ್ಲೂ ಒಬ್ಬ ಹೆಂಗಸಿದ್ದಾಳೆ.

ರಫಾಯೆಲಾಳ ಕಿಟಕಿಗೆ ಜಾಸ್ತಿ ಹೊತ್ತು ಹಿಡಿಯಿತು. ಮಂಗಳವಾರ ಗಂಡ ಡಾಮಿನೋ ಆಡಲು ಹೋಗುವಾಗ ಇವಳನ್ನು ಒಳಗಿಟ್ಟು ಬೀಗ ಹಾಕುತ್ತಾನೆ. ನೋಡಲು ತುಂಬಾ ಚೆಲುವೆ, ಓಡಿಹೋದಾಳು ಅನ್ನುವ ಭಯ ಅವನಿಗೆ. ಅವಳು ಮುದುಡಿದ ಡಾಲರ್ ನೋಟನ್ನು ಮಕ್ಕಳಿಗೆ ಎಸೆಯುತ್ತಾಳೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕಾಗದದ ಚೀಲ ಕಟ್ಟಿ ಇಳಿಬಿಡುತ್ತಾಳೆ. ಮಕ್ಕಳು ಅದರಲ್ಲಿ ತೆಂಗಿನ ಇಲ್ಲವೇ ಪಪ್ಪಾಯಿ ಜ್ಯೂಸ್ ಇಟ್ಟು ಕಳಿಸುತ್ತಾರೆ. ಅಳತೆ ಮೀರಿದರೂ ಪರವಾಗಿಲ್ಲ ಅಂತ ಆ ಹಗ್ಗವನ್ನು ಉದ್ದಕ್ಕೆ, ದಪ್ಪಕ್ಕೆ ಎಳೆದೆ. ಅವಳಿಗೂ ಬೀದಿಗೂ ಇರುವ ನಂಟು ಅದೊಂದೇ.

ಎಸ್ಪೆರಾನ್ಸಾಳ ಮುತ್ತಜ್ಜಿಯ ಕಿಟಕಿ ಈ ಬೀದಿಯದ್ದಲ್ಲ, ಅದು ಶೀಟಿನ ಅಂಚಿನಲ್ಲಿದೆ. ಅವಳ ಹೆಸರೂ ಎಸ್ಪೆರಾನ್ಸಾ, ಬದುಕಿಡೀ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತವಳು. ಆ ಹೆಸರು ಪಡೆದ ಹುಡುಗಿ, ಕಿಟಕಿ ಪಕ್ಕದ ಅವಳ ಜಾಗ ಮಾತ್ರ ತನಗೆ ಬೇಡ ಅನ್ನುತ್ತಾಳೆ. ಅದಕ್ಕೇ ಎಸ್ಪೆರಾನ್ಸಾಳನ್ನು ನಾನು ಮೆಟ್ಟಿಲ ಮೇಲೆ ಕೂರಿಸಿದ್ದೇನೆ. ಅಲಿಸಿಯಾಗೆ ಶೀಟಿನಿಂದ ಆಚೆ ಹೋಗುವ ಬಾಣದ ಗುರುತು. ಎರಡು ರೈಲು, ಒಂದು ಬಸ್ ಹಿಡಿದು ಓದಲು ಹೋಗುವವಳು ಅವಳು.

ಸ್ಯಾಲಿ ಮಾತ್ರ ಸಂಕಟ ತರುತ್ತಾಳೆ. ಹೊಡೆಯುವ ಅಪ್ಪನಿಂದ ತಪ್ಪಿಸಿಕೊಳ್ಳಲು ಎಂಟನೇ ತರಗತಿಗೂ ಮೊದಲೇ ಮದುವೆಯಾದಳು. ಈಗ ಕಿಟಕಿಯಿಂದ ಹೊರಗೆ ನೋಡಲೂ ಗಂಡ ಬಿಡುವುದಿಲ್ಲ. ಅವಳ ಮನೆಯನ್ನು ಬೇರೆ ಹಾಳೆಯಲ್ಲಿ ಒಳಗಿನಿಂದ ಬಿಡಿಸುತ್ತಿದ್ದೇನೆ: ಟವೆಲ್, ಟೋಸ್ಟರ್, ನೆಲದ ಲಿನೋಲಿಯಂ ಮೇಲಿನ ಗುಲಾಬಿ ಹೂ. ಅವಳಿಗೆ ಕಾಣುವುದು ಇಷ್ಟೇ.

ಇನ್ನು ಉಳಿದದ್ದು ಕೋತಿ ತೋಟ, ಅಂದರೆ ಹಿಂದೆ ಒಂದು ಕೋತಿ ಇದ್ದ, ಈಗ ಮಕ್ಕಳು ಆಡುವ ಪಾಳು ತೋಟ. ಅಲ್ಲಿ ಬಿಟ್ಟುಹೋದ ಹಳೇ ಕಾರುಗಳನ್ನು ಗಿಡಗಳ ನಡುವೆ ಹೇಗೆ ಜೋಡಿಸಬೇಕೆಂದು ನೋಡುತ್ತಿದ್ದೇನೆ. ಅದಾದ ಮೇಲೆ ಇಂಕ್.