ವಾಯರ್ ಬಿಚ್ಚೀಯೇನಪ್ಪಾ?

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಪಕ್ಕದ ಮನೆಯ ಕಾಕಾ ನನ್ನನ್ನು ಕೇಳಿದ್ದು ಈ ಎರಡೇ ಪದ. ನಾನು ತಲೆಯೆತ್ತಿ ಅವರ ಮುಖವನ್ನೂ ನೋಡದೆ, "ಬಿಚ್ಚೀನ್ರಿ ಕಾಕಾ, ನೀವು ಜರಾ ಹಿಂದ ಸರೀರಿ" ಎಂದೆ. ಅದಾಗಿ ವಾರವೇ ಆಯಿತು. ಆದರೂ ಕಚೇರಿಯಲ್ಲಿ ಕಡತ ತೆರೆದಾಗಲೂ ಊಟಕ್ಕೆ ಕುಳಿತಾಗಲೂ ಆ ಪ್ರಶ್ನೆ, ಅದರ ಬೆನ್ನಿಗೇ ನನ್ನ ಉತ್ತರ, ಮತ್ತೆ ಮತ್ತೆ ಕಿವಿಗೆ ಬೀಳುತ್ತಿವೆ.

ನನ್ನದು ಮಹೀಂದ್ರಾದ ಹಳೆಯ ಥಾರ್ ಜೀಪು. 2020ರಲ್ಲಿ ಬಂದ ಹೊಸ ಥಾರ್ ಕಾರ್ಖಾನೆಯಿಂದಲೇ ಗಟ್ಟಿ ಛಾವಣಿಯೊಂದಿಗೆ ಸಿಗುತ್ತದೆ. 2010ರಲ್ಲಿ ಹೊರಬಂದ ಮೊದಲಿನದಕ್ಕೆ ಇದ್ದದ್ದು ಕ್ಯಾನ್ವಾಸ್ ಹೊದಿಕೆ. ಕಲಬುರಗಿಯ ಮೇ ತಿಂಗಳಲ್ಲಿ ಕ್ಯಾನ್ವಾಸಿನ ಕೆಳಗೆ ಕೂಡುವುದೂ ಕಾದ ಹಂಚಿನ ಪಕ್ಕದಲ್ಲಿ ಕೂಡುವುದೂ ಒಂದೇ ಆದ್ದರಿಂದ ನಾನೂ ಹಲವರಂತೆ ಹೊರಗೆ ಫೈಬರ್ ಟಾಪ್ ಮಾಡಿಸಿ ಹಾಕಿಸಿಕೊಂಡೆ. ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಯಂದು ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲಲು ಆಳಂದ ರಸ್ತೆಯ ಕಡೆಯ ನಮ್ಮ ಹೊಲಕ್ಕೆ ಹೋಗುವಾಗ ಮಾತ್ರ, ಅದನ್ನು ತೆಗೆಯುತ್ತೇವೆ. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿಗಳ ನಡುವೆ ಕುಳಿತು ಮೇಲೆ ಬರೀ ಆಕಾಶ ನೋಡುತ್ತಾ ಹೋಗಬೇಕೆಂಬುದು ಮಕ್ಕಳ ಹಟ. ಮಕ್ಕಳ ಹಟವೆಂದು ಹೇಳಿಕೊಳ್ಳುವುದು ನನಗೂ ಅನುಕೂಲ.

ಕಾಕಾ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಬಸ್ಸುಗಳ ಬಾಡಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಓಣಿಯಲ್ಲಿ ಯಾರೇ ಸ್ಕೂಟರ್ ಸ್ಟ್ಯಾಂಡ್ ಹಾಕಲಿ, ನಲ್ಲಿಗೆ ವಾಶರ್ ಬದಲಿಸಲಿ, ಅವರು ಅಲ್ಲಿ ಹಾಜರು. ಅವರ ಸಲಹೆಗಳಲ್ಲಿ ಹತ್ತಕ್ಕೆ ಎಂಟು ಯಾರಿಗೂ ಬೇಡದವು ಎಂದು ನಾನು ಬಹಳ ದಿನದಿಂದ ನಂಬಿದ್ದೆ. ಉಳಿದ ಎರಡರ ಲೆಕ್ಕವನ್ನು ನಾನು ಇಟ್ಟಿರಲಿಲ್ಲ.

ಫೈಬರ್ ಎಂದರೆ ಗಾಜಿನ ನಾರನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ ಅಚ್ಚಿನಲ್ಲಿ ಒಣಗಿಸಿದ ಪದಾರ್ಥ. ಗಾಡಿಯ ಮೇಲೆ ಬಿಗಿದು ಕುಳಿತಿರುವಾಗ ಅದು ಕಲ್ಲಿನ ಹಾಗೆ ಕಾಣುತ್ತದೆ; ಬೋಲ್ಟು ಬಿಚ್ಚಿ ಎತ್ತಿದೊಡನೆ ದೊಡ್ಡ ಹಪ್ಪಳದಂತೆ ತಿರುಚಿಕೊಳ್ಳಲು ಹೊಂಚು ಹಾಕುತ್ತದೆ. ಒಂದು ಮೂಲೆ ಮೊದಲು ಮೇಲೇರಿ ಇನ್ನೊಂದು ಮೂಲೆ ಹಿಂದುಳಿದರೆ, ಮೇಲಿನ ಜೆಲ್‌ಕೋಟ್ ಪದರವು ಒಳಗಿನ ನಾರಿನಷ್ಟು ಬಾಗಲಾರದೆ ಕೂದಲೆಳೆಯಂತೆ ಸೀಳುತ್ತದೆ. ಆದ್ದರಿಂದ ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ನಾಲ್ವರೂ ಒಂದೇ ಮಾತಿಗೆ ನೆಟ್ಟಗೆ ಮೇಲಕ್ಕೆ ಎತ್ತಬೇಕು. ಒಳಗಿನ ರೋಲ್ ಬಾರ್, ಅಂದರೆ ಸೀಟುಗಳ ಮೇಲಿನ ಲೋಹದ ಕಮಾನು, ದಾಟುವಷ್ಟು ಎತ್ತಿದ ಮೇಲೆಯೇ ಹಿಂದಕ್ಕೆ ನಡೆಯಬೇಕು. ಇದೆಲ್ಲ ನನಗೆ ಗೊತ್ತಿತ್ತು, ಗೊತ್ತಿದೆ ಎಂಬ ಗರ್ವವೂ ಇತ್ತು.

ಆ ದಿನ ತಯಾರಿಯನ್ನೂ ಚೆನ್ನಾಗಿಯೇ ಮಾಡಿಕೊಂಡಿದ್ದೆ. ಅಂಗಳದ ಫರ್ಸಿಯ ಮೇಲೆ ಉದ್ದನೆಯ ಎರಡು ಹಲಗೆಗಳನ್ನಿಟ್ಟು, ಅವುಗಳ ಮೇಲೆ ಅವ್ವನ ಎರಡು ಹಳೆಯ ಕೌದಿಗಳನ್ನು ಹಾಸಿದ್ದೆ. ಬರೀ ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟರೆ ಟಾಪ್ ನಡುವೆ ಜೋತುಬೀಳುತ್ತದೆ, ಅಂಚು ಉದ್ದಕ್ಕೂ ಕೂಡಬೇಕು. ಹೊಸದನ್ನೇಕೆ ಒಯ್ದೆ ಎಂದು ಅವ್ವ ಬೈದಳು; ಅವಳ ದೃಷ್ಟಿಯಲ್ಲಿ ಅವಳು ಹೊಲಿದ ಯಾವ ಕೌದಿಯೂ ಹಳೆಯದಾಗುವುದಿಲ್ಲ. ಹದಿನಾಲ್ಕು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲಿಯೇ, ರಬ್ಬರ್ ವಾಶರ್ ಸಮೇತ, ಮೊಟ್ಟೆಯ ಟ್ರೇಯಲ್ಲಿ ಒಂದೊಂದು ಗುಳಿಗೆ ಒಂದೊಂದರಂತೆ ಇಟ್ಟೆ. ವರ್ಷವಿಡೀ ಬಿಸಿಲಿಗೆ ಬೆಂದು ಗಾಡಿಯ ಬಣ್ಣಕ್ಕೆ ಕಚ್ಚಿಕೊಂಡಿದ್ದ, ಟಾಪಿನ ಅಂಚಿನ ಬೀಡಿಂಗ್ ರಬ್ಬರನ್ನು ಸ್ಕ್ರೂಡ್ರೈವರ್‌ನಿಂದ ಮೀಟದೆ, ಮಗಳ ಪ್ಲಾಸ್ಟಿಕ್ ಸ್ಕೇಲ್ ತೂರಿಸಿ ಸಾವಕಾಶ ಬಿಡಿಸಿದೆ. ಎರಡೂ ಬಾಗಿಲು ತೆರೆದಿಟ್ಟೆ. ನಾನು, ಅಳಿಯ, ಎದುರು ಮನೆಯ ಮೇಷ್ಟ್ರು, ಹಾಲಿನ ಹುಡುಗ ನಾಲ್ಕು ಮೂಲೆ ಹಿಡಿದೆವು. ಮೇಷ್ಟ್ರು ಒಂದೇ ಕೈ ಹಚ್ಚಿದ್ದರು; ಇನ್ನೊಂದರಲ್ಲಿ ಮೊಬೈಲ್ ಇತ್ತು.

ಆಗಲೇ ಗೇಟಿನ ಬಳಿ ನಿಂತಿದ್ದ ಕಾಕಾ ಆ ಪ್ರಶ್ನೆ ಕೇಳಿದ್ದು.

ನಾನು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಹೋದ ವರ್ಷ ಬಿಚ್ಚುವಂಥ ವಾಯರೇ ಇರಲಿಲ್ಲ. ಮಳೆಗಾಲದಲ್ಲಿ ಒಳಛಾವಣಿಗೆ ಒಂದು ಸಣ್ಣ ದೀಪ ಹಾಕಿಸಿದ್ದೆ; ಅದರ ವಾಯರ್ ಎಡಗಡೆಯ ಕಂಬದ ಹಿಂದೆ, ಫೈಬರಿನಲ್ಲಿ ಕೊರೆದ ತೂತಿನಿಂದ ಇಳಿದು, ಸೀಟಿನ ಹಿಂಬದಿಯ ಜೋಡಣೆಗೆ ಹೋಗಿತ್ತು. ನಾನು ಕೊಟ್ಟದ್ದು ಹೋದ ವರ್ಷದ ಉತ್ತರ.

"ಒಂದು, ಎರಡು, ಎತ್ರಿ" ಎಂದೆ. ಟಾಪ್ ಒಂದು ಗೇಣಿನಷ್ಟು ಮೇಲೆದ್ದು ಎಡಗಡೆ ನಿಂತಿತು. "ಏನೋ ಹಿಡ್ಕೊಂಡದ್ರಿ ಸರ್" ಎಂದ ಹಾಲಿನ ಹುಡುಗ. ಆಗಲಾದರೂ ನಾನು ಇಳಿಸಿ ಎನ್ನಬೇಕಿತ್ತು. "ರಬ್ಬರ್ ಹಿಡ್ದಿರ್ತದ, ಇನ್ನೊಂದೀಟ ಎತ್ತು" ಎಂದೆ. ಒಣಗಿದ ತೊಗರಿಕಾಯಿ ಸಿಡಿದಂತೆ ಚಿಟ್ ಎಂದಿತು.

ನಾಲ್ವರೂ ಭಾರ ಹೊತ್ತು, ಇಳಿಸಲೂ ಎತ್ತಲೂ ಆಗದೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಹಿಂದೆ ಸರಿಯಿರಿ ಎಂದು ನಾನು ಹೇಳಿದ್ದ ಕಾಕಾ ಧೋತರ ಎತ್ತಿ ಕಟ್ಟಿ, ತೆರೆದ ಬಾಗಿಲಿನಿಂದ ಒಳನುಗ್ಗಿ, ಕತ್ತಲಲ್ಲಿ ಕೈಯಿಂದಲೇ ತಡವಿ ಆ ಜೋಡಣೆಯನ್ನು ಕಿತ್ತರು. ಟಾಪನ್ನು ಕೌದಿಯ ಮೇಲೆ ಇಳಿಸಿ ನೋಡಿದರೆ, ವಾಯರಿನ ತೂತಿನಿಂದ ಹೊರಟ ಬಿರುಕೊಂದು ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದಕ್ಕೆ, ಬೆಳ್ಳಗೆ, ತುದಿಯಲ್ಲಿ ಕವಲೊಡೆದು ನಿಂತಿತ್ತು. ಅಂಚಿನಲ್ಲಿ ಒಂದೆರಡು ಗಾಜಿನ ನಾರು ಎದ್ದಿದ್ದವು. ಸವರಿದ ನನ್ನ ಬೆರಳಿಗೆ ಅವು ಸಂಜೆಯವರೆಗೂ ಚುಚ್ಚುತ್ತಿದ್ದವು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಈ ಬರಹದ ಗೊಡವೆಯೇ ಇರುತ್ತಿರಲಿಲ್ಲವೇನೋ.

ಕಚೇರಿಯಲ್ಲಿ ನನ್ನ ಕೆಲಸವೇ ಕಡತಗಳ ಮೇಲೆ "ಪರಿಶೀಲಿಸಲಾಗಿದೆ" ಎಂದು ಬರೆದು ಸಹಿ ಮಾಡುವುದು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಆ ಪದವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಕರ್ತೃವಿನ ಹೆಸರಿಲ್ಲ; ಯಾರೋ ಪರಿಶೀಲಿಸಿದ್ದಾರೆ, ಎಂದೋ ಪರಿಶೀಲಿಸಿದ್ದಾರೆ, ಅಷ್ಟೆ. ಹೋದ ವರ್ಷದ ಪಟ್ಟಿ ಸರಿಯಿತ್ತು, ಈ ವರ್ಷದ್ದೂ ಸರಿಯೇ ಇರಬೇಕು ಎಂದು ಸಹಿ ಹಾಕಿದ ದಿನಗಳು ನನಗೆ ಈಗ ಒಂದೊಂದಾಗಿ ನೆನಪಾಗುತ್ತಿವೆ. ಅಲ್ಲಿ ಚಿಟ್ ಎಂಬ ಸದ್ದು ಆಗಿದ್ದರೆ ಅದು ಬೇರೆ ಯಾರದೋ ಅಂಗಳದಲ್ಲಿ ಆಗಿರುತ್ತದೆ, ನನ್ನ ಕಿವಿಗೆ ಬಂದಿರುವುದಿಲ್ಲ. ಮರುದಿನ ಹೊಲದಲ್ಲಿ ಎಲ್ಲರೂ ಉಂಡು ನಕ್ಕರು. ನಾನು ನೆತ್ತಿಯ ಮೇಲಿನ ಆಕಾಶವನ್ನು ನೋಡಿದ್ದು ಕಡಿಮೆ.

ಬಿರುಕನ್ನು ಸರಿಮಾಡಿದವರೂ ಕಾಕಾ ಅವರೇ. ಬಿರುಕಿನ ಮೇಲೆ ಹಾಗೆಯೇ ಬಣ್ಣ ಬಳಿದರೆ ಅದು ಮತ್ತೆ ಬಾಯಿ ಬಿಡುತ್ತದೆಂದು, ಮೊದಲು ಅದನ್ನು ಸಣ್ಣ ಕಾನಸಿನಿಂದ ಇನ್ನಷ್ಟು ಅಗಲಿಸಿದರು. ನೋಡಲು ನನಗೆ ಸಂಕಟವಾಯಿತು. ಒಳಬದಿಯನ್ನು ಮರಳು ಕಾಗದದಿಂದ ತಿಕ್ಕಿ ಗಾಜಿನ ನಾರಿನ ಚಾಪೆಯ ಎರಡು ತುಂಡನ್ನು ರೆಸಿನ್ ಹಚ್ಚಿ ಕೂಡಿಸಿದರು, ಹೊರಗೆ ಜೆಲ್‌ಕೋಟ್ ತುಂಬಿದರು. ಚಳಿಗೆ ರೆಸಿನ್ ನಿಧಾನವಾಗಿ ಗಟ್ಟಿಯಾಗುತ್ತದೆಂದು ಎರಡು ದಿನ ಮುಟ್ಟಗೊಡಲಿಲ್ಲ.

ಈ ಭಾನುವಾರ ಟಾಪನ್ನು ಮತ್ತೆ ಕೂಡಿಸಿದೆವು. ಕಾಕಾ ಅಂದು ಗೇಟಿನ ಆಚೆಗೆ, ನಾನು ಹಿಂದೆ ಸರಿಯಿರಿ ಎಂದಿದ್ದಕ್ಕಿಂತ ನಾಲ್ಕು ಹೆಜ್ಜೆ ಹೆಚ್ಚೇ ಹಿಂದೆ, ಬೇವಿನ ಗಿಡದ ಕೆಳಗೆ ನಿಂತಿದ್ದರು. ಏನನ್ನೂ ಕೇಳಲಿಲ್ಲ. ಬೀಡಿಂಗ್ ಕೂಡುವ ಜಾಗದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟಾಪನ್ನು ಇಳಿಸಿ, ಹದಿನಾಲ್ಕೂ ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ಎರಡೆರಡು ಸುತ್ತು ಹಿಡಿಸಿದೆ. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಕೊನೆಯ ತೂತು ಎಂದೂ ಎದುರಿಗೆ ಬರುವುದಿಲ್ಲ. ಪಾನಾ ಕೈಗೆತ್ತಿಕೊಂಡವನು ಅದನ್ನು ಕೆಳಗಿಟ್ಟು ಬೇವಿನ ಗಿಡದ ತನಕ ಹೋದೆ.

"ಕಾಕಾ, ಒಂದ್ಸಲ ನೋಡ್ರಿ ಬರ್ರಿ."

ಅವರು ಕನ್ನಡಕ ಹಾಕಿಕೊಂಡು ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಲಗಡೆಯ ಹಿಂದಿನಿಂದ ಎರಡನೆಯ ಬೋಲ್ಟಿನ ಮೇಲೆ ಬೆರಳಿಟ್ಟು ಕೇಳಿದರು: "ಇದರ ವಾಶರ್ ಹಾಕೀಯೇನಪ್ಪಾ?"

ಬಾಯಿಗೆ ಬಂದದ್ದು ಹಾಕೀನಿ ಎಂಬ ಮಾತೇ. ಅದನ್ನು ನುಂಗಿಕೊಂಡು ಮೊಟ್ಟೆಯ ಟ್ರೇಯ ಬಳಿ ಹೋಗಿ ನೋಡಿದೆ. ಕೊನೆಯ ಸಾಲಿನ ಗುಳಿಯೊಂದರಲ್ಲಿ ಕಪ್ಪು ರಬ್ಬರ್ ವಾಶರ್ ಇನ್ನೂ ಕುಳಿತಿತ್ತು.