ಫೋಟೋದಾಗ ಪಟ್ರಿ ಯಾವಾಗ್ಲೂ ನೆಟ್ಟಗೇ ಇರ್ತದ

ನಮ್ಮ ಮನಿ ಕಲಬುರಗಿ ಜಿಲ್ಲಾದ ವಾಡಿ ಜಂಕ್ಷನ್ ಹತ್ರನೇ ಅದ, ಸಣ್ಣವಿದ್ದಾಗಿಂದ ಸಿಮೆಂಟ್ ಗಾಡಿ ಎಣಿಸ್ಕೊಂತ ಬೆಳ್ದೀನಿ, ಹಿಂಗಾಗಿ ಮಾಡೆಲ್ ರೈಲಿನ ಹುಚ್ಚು ಹತ್ತೇಬಿಟ್ಟದ. ಕೈಯಾಗ ಹಿಡ್ದು ನೋಡಿ ತಗೊಳ್ಳೋ ಅಂಗಡಿ ನನಗ ಇಲ್ಲಿ ಸಿಕ್ಕಿಲ್ಲ, ಮ್ಯಾಗಜೀನ್ ಫೋಟೋ ನಂಬೇ ರೊಕ್ಕ ಹಾಕ್ಬೇಕು.

ಹೋದ ವರ್ಷ ಹಂಗೇ ಒಂದು ಫೋಟೋ ನೋಡಿ ಎಚ್‌ಓ ಸ್ಕೇಲಿನ, ಅಂದ್ರ ಖರೆಗಿಂತ 87 ಪಟ್ಟು ಸಣ್ಣ (1:87), ಎಲ್‌ಎಚ್‌ಬಿ ಅನ್ನೋ ಹೊಸ ನಮೂನಿ ಪ್ರಯಾಣಿಕರ ರೈಲು ಡಬ್ಬಿ ತರ್ಸಿದೆ. ಫೋಟೋ ಏನ್ ಛಂದ ಇತ್ತಂತೀರಿ! ಇಷ್ಟು ಸಣ್ಣ ವಸ್ತು ಹತ್ರದಿಂದ ತೆಗದ್ರ ಒಂದು ತುದಿ ಮಾತ್ರ ಸ್ಪಷ್ಟ ಬರ್ತದ, ಉಳಿದದ್ದು ಮಸುಕು, ಅದಕ್ಕ ಫೋಕಸ್ ಸರಿಸ್ಕೊಂತ ಭಾಳ ಫೋಟೋ ತೆಗ್ದು ಕಂಪ್ಯೂಟರ್‌ನಾಗ ಒಂದು ಮಾಡ್ತಾರ. ಆ ಕೆಲ್ಸಕ್ಕ ನಾ ಖರೇನೇ ಕೈ ಮುಗೀತೀನಿ, ಬಾಗ್ಲ ಹಿಡಿಕಿ ಸುದ್ದಾ ಕಾಣ್ತದ.

ಆದ್ರ ಡಬ್ಬಿ ನಿಂತಿದ್ದು ನೆಟ್ಟನೆ ಪಟ್ರಿ ಮ್ಯಾಲ. ಖರೆ ಡಬ್ಬಿ 23.54 ಮೀಟರ್, 87ರಿಂದ ಭಾಗಿಸಿದ್ರ 27 ಸೆಂಟಿಮೀಟರ್. ನನ್ನ ಟೇಬಲ್ ಸಣ್ಣದು, ತಿರುವಿನ ತ್ರಿಜ್ಯ 36 ಸೆಂಟಿಮೀಟರ್ ಅಷ್ಟೇ. ತಿರುವಿಗೆ ಬಂದ ಕೂಡ್ಲೇ ಗಾಲಿ ಫ್ರೇಮು ತಿರುಗಿ ಡಬ್ಬಿ ಕೆಳಗಿನ ಟ್ಯಾಂಕಿಗೆ ಟಕ್ ಅಂತ ತಾಗಿ, ಹೊರಗಿನ ಗಾಲಿ ಮೆಲ್ಲಕ ಎದ್ದು ಪಟ್ರಿ ಬಿಡ್ತದ. ಪ್ರತಿ ಸುತ್ತಿನಾಗ ಅದೇ ಜಾಗಾದಾಗ. ಮಗಳು "ಅಪ್ಪಾ, ಮತ್ತ ಬಿತ್ತು" ಅಂತ ಎತ್ತಿ ಎತ್ತಿ ಇಟ್ಟಳು, ನನಗ ಭಾಳ ಕೆಟ್ಟ ಅನಿಸ್ತು.

ಇನ್ನೊಂದು, ನಮ್ಮ ಬ್ರಾಡ್ ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, 1676 ಮಿಲಿಮೀಟರ್, 1:87ಕ್ಕ 19.3 ಆಗ್ಬೇಕು, ಎಚ್‌ಓ ಪಟ್ರಿ 16.5, ಯಾಕಂದ್ರ ಅದು ಹೊರದೇಶದ 1435ರ ಲೆಕ್ಕದ್ದು. ಅದ್ರ ಮ್ಯಾಲ ನಿಲ್ಲಿಸಿದ ನಮ್ಮ ಇಂಜಿನ್ ಎದುರಿಂದ ನೋಡಿದ್ರ ಮೈ ಅಗಲ, ಗಾಲಿ ಒಳಗ ಒಳಗ. ಪ್ಲಾಟ್‌ಫಾರ್ಮ್ ತುದಿಗೆ ನಿಂತು ಬರೋ ಗಾಡಿ ನೋಡಿ ಬೆಳ್ದವರಿಗೆ ಅದು ಮೊದ್ಲೇ ಕಣ್ಣಿಗೆ ಬೀಳ್ತದ. ನಾ ನೋಡಿದ ಫೋಟೋ ಬಹುತೇಕ ಓರೆಯಾಗಿ, ಸ್ವಲ್ಪ ಮ್ಯಾಲಿಂದ ತೆಗದವು, ಅದ್ರಾಗ ಇದು ಗೊತ್ತೇ ಆಗಲ್ಲ. ಮಾಡಿದವರ ತಪ್ಪು ಅಂತಿಲ್ಲ, ತೋರಿಸ್ರಿ ಅಂತೀನಿ. ಎದುರಿಂದ ಒಂದು, ಹೊಟ್ಟಿ ಮ್ಯಾಲ ಮಾಡಿ ಒಂದು, ಬಿಗಿ ತಿರುವಿನಾಗ ನಿಲ್ಲಿಸಿ ಒಂದು. ಇಷ್ಟಕ್ಕ ಅರ್ಧ ಪುಟ ಸಾಕು.

ಯಾದಗಿರಿ ಗೆಳೆಯಾ ಒಬ್ಬ ಅದೇ ಡಬ್ಬಿ ತಗೊಳ್ಳೋನಿದ್ದ. ತಿರುವಿನಾಗ ಗಾಲಿ ಎದ್ದು ನಿಂತಿದ್ದು ಮೊಬೈಲ್‌ನಾಗ ತೆಗ್ದು ಕಳಿಸ್ದೆ, ಬೆಳಕು ಛಲೋ ಇರ್ಲಿಲ್ಲ, ಅಲುಗಾಡಿತ್ತು ಕೂಡ. ಅವ ಮೊದ್ಲು ಟೇಪ್ ತಗೊಂಡು ತನ್ನ ಟೇಬಲ್ ಅಳದ.