ನಮ್ಮ ಮನೋವಿಜ್ಞಾನದ ಸರ್

ಸರ್ ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬಂತು. ವರ್ಷಗಟ್ಟಲೆ ಸುಮ್ನಿದ್ದವರೂ ಅವತ್ತು ಬರೆದರು. ಹೆಚ್ಚಿನವರು ನೆನೆದದ್ದು ಅವರ ಒಂದೇ ಮಾತನ್ನು: “ಏನರ ತಿಂದೀ ಇಲ್ಲೋ?”

ಆಗ ಬಿ.ಎಡ್. ಒಂದೇ ವರ್ಷ. ಊರಿಗೆ ಇನ್ನೂ ಗುಲಬರ್ಗಾ ಅಂತಲೇ ಹೆಸರು. ಮೈಕ್ರೋ ಟೀಚಿಂಗ್, ಅಭ್ಯಾಸ ಪಾಠ, ಚಾರ್ಟು, ರೆಕಾರ್ಡು, ಪರೀಕ್ಷೆ ಎಲ್ಲ ಅಷ್ಟರಲ್ಲೇ ಮುಗಿಯಬೇಕು. ಆಳಂದ, ಸೇಡಂ ಕಡೆಯ ನಾವು ಬ್ರಹ್ಮಪುರದಲ್ಲಿ ರೂಮು ಮಾಡಿದ್ದೆವು. ರಾತ್ರಿಯಿಡೀ ಪಾಠ ಯೋಜನೆ ಬರೆದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಚಾರ್ಟು ಸುತ್ತಿಕೊಂಡು ಓಡುವುದು. ಒಮ್ಮೆ ನಮ್ಮ ರೂಮಿನವನೊಬ್ಬ ತಲೆ ಸುತ್ತಿ ಬೋರ್ಡಿನ ಮುಂದೆಯೇ ಕುಸಿದ. ಸರ್ ಅವನನ್ನು ಹೋಟೆಲಿಗೆ ಕರೆದೊಯ್ದು ಸುಸಲಾ, ಮಿರ್ಚಿ ತಿನ್ನಿಸಿದರು. “ಹೊಟ್ಟಿ ಖಾಲಿ ಇದ್ರ ಪಾಠದ ಪೀಠಿಕಿ ಎಲ್ಲಿಂದ ಬರ್ತದೋ?” ಎಂದರು. ಮಧ್ಯಾಹ್ನ ಅವನ ಪಾಠ ಮತ್ತೆ ನೋಡಿದರು. ಒಂದು ಅಂಕವನ್ನೂ ಕಡಿಯಲಿಲ್ಲ.

ಹಾಗಂತ ಅವರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ನನ್ನದು ಬಹಮನಿ ಸುಲ್ತಾನರ ಪಾಠ. ಮುಂದಿನ ಬೆಂಚಿನ ಹುಡುಗನಿಗೆ ಪೆಪ್ಪರಮಿಂಟ್ ಕೊಟ್ಟು, ರಾಜ್ಯ ಸ್ಥಾಪನೆಯಾದ ಇಸವಿ ಬಾಯಿಪಾಠ ಮಾಡಿಸಿಟ್ಟಿದ್ದೆ. ತರಗತಿಗೆ ಬಂದವನೇ “ಮಕ್ಕಳೇ, ಡಸ್ಟರ್ ಎಲ್ಲಿದೆ?” ಎಂದೆ. ಹುಡುಗ ಥಟ್ಟನೆ ಎದ್ದು “1347, ಸರ್!” ಎಂದ. ಹಿಂದೆ ಕೂತಿದ್ದ ಸರ್ ನಗಲಿಲ್ಲ. ಕೆಂಪು ಪೆನ್ನಿನಲ್ಲಿ ‘ಪ್ರಶ್ನೆಗಿಂತ ಉತ್ತರ ಮುಂದಿದೆ’ ಎಂದು ಬರೆದರು. ಹೊರಗೆ ಬಂದ ಮೇಲೆ ಆ ಹುಡುಗನಿಗೆ ಇನ್ನೊಂದು ಪೆಪ್ಪರಮಿಂಟ್ ಕೊಡಿಸಿದರು, ನನ್ನ ದುಡ್ಡಿನಲ್ಲಿ!

ಕಲಿಕೆಯ ಪ್ರಯೋಗಗಳಲ್ಲಿ ಬರುವ ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ ಬಿಟ್ಟರೆ ಅವರು ಕಲಿಸಿದ ಪಠ್ಯ ನನಗೇನೂ ನೆನಪಿಲ್ಲ.

2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ. ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್. ಒಳ್ಳೆಯದೇ ಆಯ್ತು. ಆದರೆ ಹೆಡ್‌ಮಾಸ್ತರನಾಗಿ ನಾನು ನೋಡುವುದೇ ಬೇರೆ. ಬಂದ ಹುಡುಗ ಹುಡುಗಿಯರು ಮೂಲೆಯಲ್ಲಿ ಕೂತು ರೆಕಾರ್ಡು ತುಂಬುತ್ತಾರೆ, ಅದರಡಿ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಗೈಡು. ನೌಕರಿ ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆ ಇರುವಾಗ ಮಕ್ಕಳ ಮೇಲೆ ಮನಸ್ಸು ಎಲ್ಲಿಂದ ಬರಬೇಕು, ಅಲ್ವಾ? ಮೇಲ್ವಿಚಾರಣೆಗೆ ಬರುವವರೋ, ಸಹಿ ಆಗಿದೆಯಾ ನೋಡಿ ಹೊರಡುತ್ತಾರೆ. ನಿದ್ದೆ ಮಾಡಿದ್ದೀಯಾ ಅಂತ ಒಬ್ಬರೂ ಕೇಳುವುದಿಲ್ಲ.

ನಮ್ಮ ಶಾಲೆಯಲ್ಲಿ ಹಾಗಿಲ್ಲ. ಜಂಬ ಅನ್ನಿ ಬೇಕಾದರೆ, ನಮ್ಮಲ್ಲಿಗೆ ಬಂದ ಟ್ರೈನಿಗಳು ಮುಗಿದ ಮೇಲೂ ಫೋನು ಮಾಡುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಅರ್ಧ ಗಂಟೆ ಯಾರೂ ರೆಕಾರ್ಡು ಮುಟ್ಟುವಂತಿಲ್ಲ ಅಂತ ಕಟ್ಟಪ್ಪಣೆ ಮಾಡಿದ್ದೇನೆ. ಆದರೂ ಕೆಲವರು ಮೇಜಿನಡಿ ಇಟ್ಟುಕೊಂಡು ಬರೆಯುತ್ತಾರೆ.